ನೆಲ ನೋಡುತ್ತಾ ಹತ್ತು ದಿನ

ಹೊಸದುರ್ಗದ ಖಾಸಗಿ ಬಸ್ಸುಗಳಿಗೆ ನಾನು ಮೂವತ್ತೆರಡು ವರ್ಷ ಏಜೆಂಟನಾಗಿದ್ದೆ. ಬಸ್ ಏಜೆಂಟ್ ಅಂದರೆ ಟಿಕೆಟ್ ಹರಿಯುವವನು ಅಂದುಕೊಳ್ಳುವವರೇ ಹೆಚ್ಚು. ಅಲ್ಲ. ನಿಲ್ದಾಣದಲ್ಲಿ ನಿಂತು 'ಹೊಳಲ್ಕೆರೆ, ದುರ್ಗಾ, ಹೊಳಲ್ಕೆರೆ, ದುರ್ಗಾ' ಎಂದು ಗಂಟಲು ಹರಿಯುವಂತೆ ಕೂಗಿ ಜನರನ್ನು ಹತ್ತಿಸುವುದು, ಹೊತ್ತಾದ ತಕ್ಷಣ ಸೀಟಿ ಊದಿ ಬಸ್ಸನ್ನು ಹೊರಗಟ್ಟುವುದು, ಇವು ಎರಡು ಕೆಲಸ. ಮೊದಲನೆಯದನ್ನು ಯಾರು ಬೇಕಾದರೂ ಮಾಡಬಹುದು. ಎರಡನೆಯದಕ್ಕೆ ಎದೆ ಗಟ್ಟಿ ಬೇಕು. ಒಂದು ಬಸ್ಸಿಗೂ ಅದರ ಹಿಂದಿನ ಬಸ್ಸಿಗೂ ಎಂಟೇ ನಿಮಿಷದ ಅಂತರ ಇರುತ್ತಿತ್ತು. ಮುಂದಿನವನು ಎರಡು ನಿಮಿಷ ಹೆಚ್ಚಿಗೆ ನಿಂತನೋ, ಹಿಂದಿನವನ ಜನರನ್ನೂ ಗುಡಿಸಿಕೊಂಡು ಹೋಗುತ್ತಾನೆ. ಆ ಎರಡು ನಿಮಿಷಕ್ಕಾಗಿ ಡ್ರೈವರುಗಳು ಅಂಗಿಯ ಕಾಲರ್ ಹಿಡಿದಾಡಿದ್ದನ್ನು, ಬಸ್ಸಿಗೆ ಬಸ್ಸು ಅಡ್ಡ ಹಾಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನಡುವೆ ನುಗ್ಗಿ ಏಟನ್ನೂ ತಿಂದಿದ್ದೇನೆ.

ಆದರೆ ಯಾರಿಗೂ ಎರಡು ನಿಮಿಷ ಕೊಟ್ಟವನಲ್ಲ. ಒಮ್ಮೆ ನಮ್ಮ ಮಾವನವರೇ ಎಲೆ ಅಡಿಕೆ ತರುತ್ತೇನೆಂದು ಬಸ್ಸಿನಿಂದ ಇಳಿದಿದ್ದರು. ಹೊತ್ತಾಯಿತು, ಸೀಟಿ ಊದಿದೆ. ಅವರ ಚೀಲ ಹೊಳಲ್ಕೆರೆಗೆ ಹೋಯಿತು, ಅವರು ನಡೆದುಕೊಂಡು ವಾಪಸ್ ನಮ್ಮ ಮನೆಗೆ ಬಂದರು. ಹೆಂಡತಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಬಗ್ಗಲಿಲ್ಲ, ಬಸ್ಸು ಸರಿಯಾದ ಹೊತ್ತಿಗೆ ಹೋಗಿತ್ತಲ್ಲ.

ಇಂಥ ನನಗೆ ಹೋದ ವರ್ಷ ಕಣ್ಣಿನ ಡಾಕ್ಟರೊಬ್ಬರು, ಹತ್ತು ದಿನ ನೆಲ ನೋಡಿಕೊಂಡು ಬಿದ್ದಿರಿ ಅಂದರು.

ಆದದ್ದು ಇಷ್ಟು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗಣ್ಣಿನ ಮೂಲೆಯಲ್ಲಿ ಯಾರೋ ಕರೀ ಬಟ್ಟೆ ಇಳಿಬಿಟ್ಟ ಹಾಗಾಯಿತು. ಸಂಜೆಗೆ ಆ ಬಟ್ಟೆ ಅರ್ಧ ಕಣ್ಣಿಗೆ ಬಂತು. ದಾವಣಗೆರೆಯ ಒಂದು ಆಸ್ಪತ್ರೆಗೆ ಓಡಿದೆವು. ಕಣ್ಣಿನ ಹಿಂಬದಿಯ ಪರದೆ ಕಳಚಿಕೊಂಡಿದೆ ಎಂದು ಹೇಳಿ ಆಪರೇಷನ್ ಮಾಡಿದರು. ಅದನ್ನು ಮತ್ತೆ ಅಂಟಿಸಲು ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟರು. ಗುಳ್ಳೆ ಯಾವಾಗಲೂ ಮೇಲಕ್ಕೆ ಹೋಗುವ ವಸ್ತು. ಮುಖ ಕೆಳಗೆ ಮಾಡಿದರೆ ಅದು ಹಿಂದಕ್ಕೆ ಹೋಗಿ ಪರದೆಯನ್ನು ಒತ್ತಿ ಹಿಡಿದಿರುತ್ತದೆ, ಮುಖ ಎತ್ತಿದರೆ ಜಾಗ ಬಿಡುತ್ತದೆ. "ಗಂಟೆಗೆ ಐವತ್ತು ನಿಮಿಷ ಕವುಚಿ ಇರಬೇಕು, ಹತ್ತು ನಿಮಿಷ ಬಿಡುವು. ಹತ್ತು ದಿನ ಹೀಗೆ. ಮಧ್ಯೆ ತಲೆ ಎತ್ತಿ ಪರದೆ ಮತ್ತೆ ಕಳಚಿಕೊಂಡರೆ ಈ ಕಣ್ಣಿನ ಆಸೆ ಬಿಟ್ಟುಬಿಡಿ" ಎಂದರು ಡಾಕ್ಟರು.

ಇನ್ನೊಂದು ಕಣ್ಣಿದೆಯಲ್ಲ ಎಂದು ನೀವು ಕೇಳಬಹುದು. ಇದೆ, ಬಲಗಣ್ಣು. ಅದರಲ್ಲಿ ಬೆಳಕು ಗೊತ್ತಾಗುತ್ತದೆ, ಕೆಂಪು ಬಿಳಿ ಗೊತ್ತಾಗುತ್ತದೆ, ಅಷ್ಟೇ. ನನಗೆ ಆರು ವರ್ಷವಿದ್ದಾಗ ನನ್ನ ಅಕ್ಕ ಹೊಡೆದ ಚಿನ್ನಿ ಅಲ್ಲಿಗೆ ಬಂದು ಬಿತ್ತು. ಅವಳಿಗೆ ಆಗ ಒಂಬತ್ತು. ಚಿನ್ನಿದಾಂಡಿನಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ, ಆ ದಿನದ ನಂತರ ಅವಳು ದಾಂಡು ಮುಟ್ಟಲಿಲ್ಲ.

ನಾನು ಆ ಕಣ್ಣಿನಿಂದ ಅರವತ್ತು ವರ್ಷ ಒಳ್ಳೆಯ ವಸೂಲಿ ಮಾಡಿಕೊಂಡೆ. 'ನನ್ನ ಕಣ್ಣು ತೆಗೆದವಳು' ಅಂತ ಒಂದು ಮಾತು ಬಿಟ್ಟರೆ ಸಾಕು, ಅಕ್ಕ ತನ್ನ ಪಾಲಿನ ಹೋಳಿಗೆಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ಬಸ್ಸಿನಲ್ಲಿ ಕಿಟಕಿ ಸೀಟು, ಬೇಸಿಗೆಯಲ್ಲಿ ಅಂಗಳದ ಗಾಳಿ ಬರುವ ಜಾಗ, ಮಾವಿನ ವಾಟೆ, ಎಲ್ಲ ನನಗೆ. ಹಿರಿಯೂರಿನ ಕಡೆ ಹರಿಯಬ್ಬೆಗೆ ಮದುವೆಯಾಗಿ ಹೋದ ಮೇಲೂ ಬಿಡಲಿಲ್ಲ. ಅವಳು ತವರಿಗೆ ಬಂದಾಗಲೆಲ್ಲ, ಮೊಮ್ಮಕ್ಕಳ ಎದುರಿಗೇ, 'ಬಂದಳು ನೋಡ್ರಿ ನನ್ನ ಕಣ್ಣು ತೆಗೆದವಳು' ಎಂದು ಬಾಗಿಲಲ್ಲೇ ಸ್ವಾಗತ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು, ನಗುತ್ತಾ ಚೀಲದಿಂದ ನನಗೆಂದು ತಂದ ಕಜ್ಜಾಯದ ಡಬ್ಬಿ ತೆಗೆಯುತ್ತಿದ್ದಳು.

ಇರಲಿ. ಆಸ್ಪತ್ರೆಯಿಂದ ಹೊಸದುರ್ಗಕ್ಕೆ ಬಾಡಿಗೆ ಕಾರಿನಲ್ಲಿ ವಾಪಸ್ ಬಂದೆವು. ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ನನ್ನ ಮುಖ. ಎಡಗಣ್ಣಿಗೆ ಪಟ್ಟಿ. ಆ ರಸ್ತೆಯ ಹಂಪು, ತಿರುವು, ಎಲ್ಲ ನನಗೆ ಅಂಗೈಗೆರೆಯಷ್ಟು ಪರಿಚಯ, ನೋಡದೆಯೇ ಊರು ಹೇಳಬಲ್ಲೆ ಎಂಬ ಜಂಬ. ಒಂದು ಕಡೆ ಕೆರೆಯ ತಂಪು ಗಾಳಿ ಬಂದ ಹಾಗಾಯಿತು.

"ಭರಮಸಾಗರ ದಾಟಿದ್ವಿ" ಅಂದೆ.

"ಇನ್ನೂ ಆಸ್ಪತ್ರೆ ರಸ್ತೇಲೇ ಇದೀವ್ರಿ. ಸಿಗ್ನಲ್ಲು" ಅಂದಳು ಹೆಂಡತಿ.

ಆಮೇಲೆ ಒಂದು ಯುಗ ಕಳೆಯಿತು. ಕಾರು ನಿಧಾನವಾಯಿತು, ಹೊರಗೆ ಹಣ್ಣಿನವನ ಕೂಗು, ಮಂಡಕ್ಕಿ ಒಗ್ಗರಣೆಯ ಘಮ. ಸಂಶಯವೇ ಇಲ್ಲ. "ಹೊಳಲ್ಕೆರೆ ಬಂತು. ಇನ್ನೇನು ಮನೆ ಬಂತು ಅನ್ನು" ಅಂದೆ.

"ಇದು ಭರಮಸಾಗರ ಕಣ್ರೀ."

ಡ್ರೈವರು ನಕ್ಕಿದ್ದು ನನಗೆ ಕೇಳಿಸಿತು. ಮೂವತ್ತೆರಡು ವರ್ಷ ಆ ದಾರಿಯ ನಿಮಿಷಗಳ ಮೇಲೆ ಅಧಿಕಾರ ನಡೆಸಿದವನಿಗೆ ಇದಕ್ಕಿಂತ ಅವಮಾನ ಬೇಕೇ? ದುರ್ಗ ಬರುವವರೆಗೆ ತುಟಿ ಬಿಚ್ಚಲಿಲ್ಲ. ದುರ್ಗ ಬಂದಾಗ ಮನಸ್ಸಿನಲ್ಲಿ ಇದು ಹೊಸದುರ್ಗವೇ ಇರಬೇಕು ಎಂದುಕೊಂಡಿದ್ದೆ, ಪುಣ್ಯಕ್ಕೆ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯಲ್ಲಿ ಹಗಲು ಹೊತ್ತು ಊಟದ ಮೇಜಿನ ಮುಂದೆ ಕುರ್ಚಿ ಹಾಕಿ, ಮೇಜಿನ ಅಂಚಿಗೆ ಮಡಚಿದ ಕಂಬಳಿ ಇಟ್ಟು, ಅದಕ್ಕೆ ಹಣೆ ಊರಿ ಕೂರುವ ವ್ಯವಸ್ಥೆಯಾಯಿತು. ಕಾಣುವುದು ಬಲಗಣ್ಣಿಗೆ ಕೆಂಪಗೆ ಕಾಣುವ ಒಂದು ಮೊಳ ನೆಲ. ಹೆಂಡತಿ ಮೊಬೈಲಿನಲ್ಲಿ ಅಲಾರಂ ಇಟ್ಟಳು. ಐವತ್ತು ನಿಮಿಷಕ್ಕೊಮ್ಮೆ ಬಡಿದುಕೊಂಡರೆ ನನಗೆ ಬಿಡುಗಡೆ, ಮತ್ತೆ ಹತ್ತು ನಿಮಿಷಕ್ಕೆ ಬಡಿದುಕೊಂಡರೆ ವಾಪಸ್ ಜೈಲು.

ಮೊದಲ ದಿನದ ಮೊದಲ ಗಂಟೆಯಲ್ಲೇ ನನಗೆ ಖಾತ್ರಿಯಾಯಿತು, ಹೆಂಡತಿ ಮೋಸ ಮಾಡುತ್ತಿದ್ದಾಳೆ. ಅವಳ ಐವತ್ತು ನಿಮಿಷ ಕಮ್ಮಿಯೆಂದರೆ ಎಂಬತ್ತಿತ್ತು. ಅವಳ ಹತ್ತು ನಿಮಿಷ ನಾಲ್ಕನ್ನು ದಾಟುತ್ತಿರಲಿಲ್ಲ.

"ಎಷ್ಟಾಯ್ತು?"

"ಆರು ನಿಮಿಷ."

"ಸುಳ್ಳು ಹೇಳಬೇಡ. ಆಗಲೇ ಕುಕ್ಕರು ಮೂರು ಸೀಟಿ ಹಾಕಿತು."

"ಅದು ಪಕ್ಕದ ಮನೇದು. ನಮ್ಮನೇಲಿ ಇವತ್ತು ಮುದ್ದೆ."

ಕುಕ್ಕರಿನ ಸೀಟಿ ಬೇಡ ಎಂದು ನನ್ನದೇ ನಾಡಿ ಹಿಡಿದು ಎಣಿಸಿದೆ. ಎಣಿಸುತ್ತಾ ಎಣಿಸುತ್ತಾ ಕುತ್ತಿಗೆಯ ಹಿಂದೆ ಇರುವೆಯೊಂದು ಹತ್ತಿತು. ಅದು ಬಲಗಿವಿಯಿಂದ ಎಡಗಿವಿಗೆ ಹೋಗಲು ತೆಗೆದುಕೊಂಡ ಹೊತ್ತಿನಲ್ಲಿ ನಮ್ಮ ಬಸ್ಸೊಂದು ಹಿರಿಯೂರು ಮುಟ್ಟಿ ವಾಪಸ್ ಬರುತ್ತಿತ್ತು. ಎಣಿಕೆ ಎಲ್ಲಿಗೆ ಬಂದಿತ್ತೆಂದು ಮರೆತು ಮತ್ತೆ ಒಂದರಿಂದ ಶುರು ಮಾಡಿದೆ. ಎಣಿಸಿದಷ್ಟೂ ಹೊತ್ತು ಉದ್ದವಾಗುತ್ತದೆ ಎಂಬುದು ಆವತ್ತು ಅರ್ಥವಾಯಿತು, ಆದರೆ ಎಣಿಸದೆ ಇರುವುದು ಹೇಗೆಂದು ಗೊತ್ತಿರಲಿಲ್ಲ. ನಾನು ಜೀವನದಲ್ಲಿ ಕಲಿತಿದ್ದೇ ಅದೊಂದು.

ಬಿಡುವಿನ ಹತ್ತು ನಿಮಿಷವನ್ನಾದರೂ ಎಳೆಯೋಣ ಎಂದು ಉಪಾಯ ಹೂಡಿದೆ. ಮುದ್ದೆ ನುಂಗುವ ಪದಾರ್ಥ, ಗುಳುಂ ಎಂದರೆ ಮುಗಿಯಿತು. ಹಾಗಾಗಿ ತಿಂಡಿಗೆ ಸಿಪ್ಪೆ ಸಮೇತ ಹುರಿದ ಶೇಂಗಾ ಕೇಳಿದೆ. ಒಂದೊಂದೇ ಸುಲಿದು, ಒಂದೊಂದೇ ಬೀಜ ಬಾಯಿಗೆ ಹಾಕಿ, ಅದರ ಕಮರು ಬೇರೆ ಸಿಹಿ ಬೇರೆ ಎಂದು ನಾಲಿಗೆಯಲ್ಲೇ ವಿಂಗಡಿಸುತ್ತಾ ಕುಳಿತರೆ ನಿಜವಾಗಿಯೂ ಹತ್ತು ನಿಮಿಷ ಹಿಗ್ಗಿತು. ಅಷ್ಟು ರುಚಿಯಾದ ಶೇಂಗಾ ಅದಕ್ಕೆ ಮುಂಚೆ ತಿಂದಿರಲಿಲ್ಲ. ಎರಡನೇ ಸಲಕ್ಕೆ ಹೆಂಡತಿ ತಾನೇ ಸುಲಿದು ಬಟ್ಟಲಿಗೆ ಹಾಕಿಟ್ಟಳು. "ಹೆಂಗೂ ತಿನ್ನಾಕೆ ತಾನೆ, ತಗಳ್ರಿ, ಹೊತ್ತು ಉಳೀತು" ಅಂದಳು. ಉಳಿದ ಹೊತ್ತನ್ನು ಅಲಾರಂ ನುಂಗಿತು.

ಸಂಜೆಯ ಹೊತ್ತಿಗೆ ನಾನು ಎರಡು ಸಲ ತಲೆ ಎತ್ತಿದ್ದೆ. ಒಮ್ಮೆ, ಕಾಣುವುದಿಲ್ಲ ಎಂಬುದನ್ನೂ ಮರೆತು, ಗೋಡೆಯ ಗಡಿಯಾರ ನೋಡಲು, ಇನ್ನೊಮ್ಮೆ ಮೊಬೈಲು ಕಿತ್ತುಕೊಳ್ಳಲು. ಎರಡನೇ ಸಲ ಹೆಂಡತಿ ಕಿರುಚಿದಳು, ಆಮೇಲೆ ಅಡುಗೆಮನೆಗೆ ಹೋಗಿ ಹರಿಯಬ್ಬೆಗೆ ಫೋನು ಮಾಡಿದಳು. "ಅತ್ಗೆ, ನನ್ನ ಕೈಲಿ ಆಗಲ್ಲ. ಇವ್ರು ಕಣ್ಣು ಕಳ್ಕಂತಾರೆ" ಎಂದು ಅಳುವುದು ಕೇಳಿಸಿತು. ನನಗೂ ಹೆದರಿಕೆಯಾಗಿತ್ತು. ಆದರೆ ಹೆದರಿಕೆಯೂ ಐವತ್ತು ನಿಮಿಷ ಪೂರ್ತಿ ನಿಲ್ಲುವುದಿಲ್ಲ. ಹತ್ತು ನಿಮಿಷಕ್ಕೆ ಅದು ಬೇಜಾರಾಗಿಬಿಡುತ್ತದೆ.

ಮರುದಿನ ಬೆಳಿಗ್ಗೆ ನಾನು ಮೇಜಿಗೆ ಹಣೆ ಊರಿ ಕುಳಿತಿದ್ದಾಗ ಬಾಗಿಲ ಕಡೆಯಿಂದ ನೋವಿನೆಣ್ಣೆಯ ಕಟುವಾಸನೆ ಬಂತು, ಅದರ ಹಿಂದೆಯೇ ಅಕ್ಕನ ದನಿ.

"ಏನ್ಲಾ ಅದು, ಹೊತ್ತು ಹೊತ್ತು ಅಂತ ಬಡ್ಕಂತಿದ್ದೀಯಂತೆ?"

"ಬಂದಳು ನೋಡು ನನ್ನ ಕಣ್ಣು ತೆಗೆದವಳು" ಅಂದೆ ನೆಲಕ್ಕೆ ಮುಖ ಮಾಡಿಕೊಂಡೇ. ಯಾರೂ ನಗಲಿಲ್ಲ.

ಅಕ್ಕ ಮೊದಲು ಮಾಡಿದ ಕೆಲಸ, ಗೋಡೆಯ ಗಡಿಯಾರ ಇಳಿಸಿ ಹಾಸಿಗೆ ರಾಶಿಯ ಒಳಗೆ ತುರುಕಿದ್ದು. ಹೆಂಡತಿಗೆ, "ಆ ಫೋನು ಬಡ್ಕಣದು ನಿಲ್ಸವ್ವ. ಹೊತ್ತು ನಾವಿಬ್ರು ನೋಡ್ಕಳಾಣ. ಇವನಿಗೆ ಅದರ ಸುದ್ದಿ ಬ್ಯಾಡ" ಅಂದಳು. ಎರಡನೆಯ ಕೆಲಸ, ಅಟ್ಟ ನೋಡಿದ್ದು. ನಮಗೆ ಊರಾಚೆ ಎರಡೆಕರೆ ತೆಂಗು ಇದೆ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯಿ ಒಡೆಯುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಗುಳು ಅನ್ನುತ್ತದೆ. ಕೊಬ್ಬರಿ ಆಗಿದ್ದರೆ ಲೊಡಲೊಡ ಅನ್ನುತ್ತದೆ. ನಡುವೆ ಒಂದು ಕಾಲ ಇರುತ್ತದೆ, ನೀರು ಆರಿರುತ್ತದೆ, ತಿರುಳು ಇನ್ನೂ ಬಿಟ್ಟಿರುವುದಿಲ್ಲ, ಆಗ ಕಾಯಿ ಮಾತೇ ಆಡುವುದಿಲ್ಲ.

"ಅಟ್ಟದ ಮ್ಯಾಲೆ ಮೂರು ಸಾವಿರ ಕಾಯಿ ಅವೆ. ವಿಂಗಡಿಸೋರು ಯಾರು? ನಾನು ಒಂದೊಂದೇ ಕೈಗೆ ಕೊಡ್ತೀನಿ. ನೀರೋ, ಕೊಬ್ರಿಯೋ, ಮೂಕೋ ಹೇಳು. ಸುಮ್ನೆ ಕುಂತು ತಿಂತೀಯಲ್ಲ, ಒಂದು ಕೆಲಸ ಮಾಡು" ಅಂದಳು ಅಕ್ಕ.

"ಕಣ್ಣು ಕಾಣದವನಿಗೆ ಕೆಲಸ ಹಚ್ಚುತ್ತೀಯಾ?"

"ಕಿವಿಗೇನಾಗೈತೆ ನಿಂಗೆ?"

ಏಣಿ ಕಿರ್ ಅಂದಿತು. ಸ್ವಲ್ಪ ಹೊತ್ತಿಗೆ ಮಂಕರಿ ಬುಟ್ಟಿಯನ್ನು ನೆಲದ ಮೇಲೆ ಎಳೆದುಕೊಂಡು ಬರುವ ಸದ್ದು. ನನ್ನ ಕೈಗೆ ಒಂದು ಕಾಯಿ ಬಂತು. ಕಿವಿಗೆ ಹಿಡಿದು ಅಲ್ಲಾಡಿಸಿದೆ. "ನೀರು" ಅಂದೆ. ಇದ್ದಿಲಿನಲ್ಲಿ ಪರಕ್ ಎಂದು ಗೀಟೆಳೆದ ಸದ್ದಾಯಿತು. ಗುರುತು ಹಾಕುತ್ತಿದ್ದಾಳೆ ಎಂದುಕೊಂಡೆ. ಇನ್ನೊಂದು ಬಂತು. ಅದು ಮೂಕು.

ಮೊದಲ ಹತ್ತು ಹದಿನೈದು ಕಾಯಿಗೆ ನಾನು ಉಡಾಫೆಯಿಂದ ಹೇಳಿದೆ. ಆಮೇಲೆ ಒಂದು ಕಾಯಿ ಸಿಕ್ಕಿತು. ಅದು ಗುಳುಗುಳು ಎಂದಿತೋ ಲೊಡ್ ಎಂದಿತೋ ತಿಳಿಯಲಿಲ್ಲ. ಮತ್ತೆ ಅಲ್ಲಾಡಿಸಿದೆ, ಉಸಿರು ಬಿಗಿಹಿಡಿದೆ, ಕಣ್ಣು ಮುಚ್ಚಿದೆ. ದೂರದಲ್ಲಿ ಟ್ರ್ಯಾಕ್ಟರು ಹೋಗುತ್ತಿತ್ತು, ಅದು ಹೋಗಲಿ ಎಂದು ಕಾದೆ. ಸಿಪ್ಪೆಯ ಆಚೆ, ಚಿಪ್ಪಿನ ಆಚೆ, ಎಲ್ಲೋ ತಳದಲ್ಲಿ ಒಂದು ಚಮಚೆಯಷ್ಟು ನೀರು ತಿರುಗಿತು. ನೀರಿನ ಸದ್ದಲ್ಲ, ನೀರು ತಿರುಗಿದ ಭಾರ ಅಂಗೈಗೆ ಗೊತ್ತಾಯಿತು.

"ನೀರು. ಇನ್ನು ಎರಡು ತಿಂಗಳು ಬೇಕು" ಅಂದೆ.

"ಎದ್ದು ಮುಖ ಎತ್ರಿ. ಬಿಡುವು" ಅಂದಳು ಹೆಂಡತಿ.

"ಆಗಲೇ?"

ಆ 'ಆಗಲೇ' ನನ್ನ ಬಾಯಿಂದ ಬಂದದ್ದೇ ನನಗೆ ನಂಬಿಕೆಯಾಗಲಿಲ್ಲ.

ಹೀಗೆ ಶುರುವಾಯಿತು. ಏಣಿ ಕಿರ್ ಅನ್ನುವುದು, ಮಂಕರಿ ಸರಿಯುವುದು, ಕಾಯಿ ಕೈಗೆ ಬರುವುದು, ಇದ್ದಿಲು ಪರಕ್ ಅನ್ನುವುದು. ಮೂರನೇ ದಿನಕ್ಕೆ ಅಲ್ಲಾಡಿಸುವ ಮೊದಲೇ ತೂಕದಲ್ಲಿ ಅರ್ಧ ಹೇಳುತ್ತಿದ್ದೆ. ಐದನೇ ದಿನಕ್ಕೆ ತೊಟ್ಟಿನ ಕಡೆ ಮೂಸಿ ನೋಡಿ, ಒಳಗೆ ಕೆಟ್ಟಿದ್ದರೆ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚಿದೆ. ಹೊತ್ತು ತಿಳಿಯಲು ಕೂಡ ಗಡಿಯಾರ ಬೇಡವಾಯಿತು. ಅಕ್ಕ ಬಂದರೆ ಬರುವ ನೋವಿನೆಣ್ಣೆಯ ವಾಸನೆ ಮೂಗಿಗೆ ರಪ್ಪನೆ ಹೊಡೆದರೆ ಬೆಳಿಗ್ಗೆ, ಮಂದವಾದರೆ ಮಧ್ಯಾಹ್ನ, ಮತ್ತೆ ರಪ್ಪನೆ ಹೊಡೆದರೆ ಸಂಜೆಯ ಕಾಫಿ ಹತ್ತಿರ. ರಾತ್ರಿ ಮಲಗುವಾಗ ನನ್ನ ಕುತ್ತಿಗೆಗೂ ಅದನ್ನೇ ತಿಕ್ಕುತ್ತಿದ್ದಳು. "ಇಡೀ ಮನೆ ಆಸ್ಪತ್ರೆ ನಾತ ಹೊಡೀತಿದೆ, ನನ್ನ ಕುತ್ತಿಗೆಗೆ ಇಷ್ಟೆಲ್ಲ ಬೇಡ" ಎಂದು ಬೈದರೆ, "ಸುಮ್ಕಿರೋ" ಅನ್ನುತ್ತಿದ್ದಳು.

"ಅಟ್ಟ ಎಷ್ಟು ಮುಗೀತು?" ಎಂದು ನಡುನಡುವೆ ಕೇಳುತ್ತಿದ್ದೆ.

"ಮೂಲೇದು ಮುಗೀತು. ಇನ್ನೂ ಬಾಳ ಐತೆ."

ಒಂದು ಮಧ್ಯಾಹ್ನ ಮಾತ್ರ ಎಡವಟ್ಟಾಗಲಿತ್ತು. ಬೀದಿಯಲ್ಲಿ ಯಾರೋ ಜೋರಾಗಿ ಸೀಟಿ ಊದಿದರು. ಹಳೇ ಚಾಳಿ, ನನ್ನ ಹಣೆ ಕಂಬಳಿಯಿಂದ ತಾನೇ ಮೇಲೆದ್ದಿತು. ಎದ್ದಷ್ಟೇ ಬೇಗ ಅಕ್ಕನ ಅಂಗೈ ನನ್ನ ತಲೆಯ ಹಿಂದೆ ಬಿದ್ದು ವಾಪಸ್ ಕಂಬಳಿಗೆ ಒತ್ತಿತು. ನಾನು ಏಳುತ್ತೇನೆಂದು ನನಗಿಂತ ಮೊದಲೇ ಅವಳಿಗೆ ಗೊತ್ತಿತ್ತೇನೋ ಅನ್ನುವಷ್ಟು ಬೇಗ. "ಬಸ್ಸು ಹೋಗ್ಲಿ ಬಿಡೋ" ಅಂದಳು. ಆ ಕೈಯನ್ನು ಬಹಳ ಹೊತ್ತು ತೆಗೆಯಲೇ ಇಲ್ಲ. ಮರೆತಿರಬೇಕು ಎಂದುಕೊಂಡು ಮುಂದಿನ ಕಾಯಿಗೆ ಕೈ ಚಾಚಿದೆ.

ಹನ್ನೊಂದನೇ ದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಡಾಕ್ಟರು ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಅದು ಎಷ್ಟು ಹೊತ್ತು ಎಂದು ಕೇಳಬೇಡಿ, ಅಲ್ಲಿ ಅಲ್ಲಾಡಿಸಲು ನನ್ನ ಕೈಯಲ್ಲಿ ಕಾಯಿ ಇರಲಿಲ್ಲ. "ಅಂಟಿದೆ. ಚೆನ್ನಾಗಿ ಅಂಟಿದೆ" ಅಂದರು. ಗುಳ್ಳೆ ಕರಗುತ್ತಾ ಬಂದ ಹಾಗೆ ನೋಟ ಮೇಲಿಂದ ಕೆಳಗೆ ತಿಳಿಯಾಗುತ್ತದೆ ಎಂದರು. ಹಾಗೆಯೇ ಆಯಿತು. ಮೊದಲು ಮನೆಯ ಸೂರು ಕಂಡಿತು, ಆಮೇಲೆ ಹೆಂಡತಿಯ ತಲೆ, ಆಮೇಲೆ ಅವಳ ಮುಖ. ತಲೆ ಅಲ್ಲಾಡಿಸಿದರೆ ಕಣ್ಣೊಳಗೆ ಗುಳ್ಳೆ ಕುಲುಕುತ್ತಿತ್ತು, ನಾನೇ ಒಂದು ಅಟ್ಟದ ಕಾಯಿಯಾಗಿದ್ದೆ. ಮೂರು ವಾರ ಕಳೆಯುವ ಹೊತ್ತಿಗೆ ಗುಳ್ಳೆ ಹೋಯಿತು, ಕ್ಯಾಲೆಂಡರಿನ ತಾರೀಕು ಕುರ್ಚಿಯಲ್ಲಿ ಕುಳಿತೇ ಓದಿದೆ.

ಓದಿದ ಮೇಲೆ ಮೊದಲು ನೋಡಬೇಕೆನಿಸಿದ್ದು ನನ್ನ ಕೆಲಸ. ವಿಂಗಡಿಸಿದ ಕಾಯಿಯ ರಾಶಿ ಎಲ್ಲಿ ಎಂದು ಹುಡುಕಿದೆ. ರಾಶಿ ಇರಲಿಲ್ಲ. ಏಣಿ ಹತ್ತಿ ಅಟ್ಟಕ್ಕೆ ಇಣುಕಿದೆ. ಕಾಯಿಗಳು ಮೂಲೆ ಮೂಲೆಗೂ ತುಂಬಿಕೊಂಡು, ಜೇಡರ ಬಲೆ ಕೂಡ ಹರಿಯದೆ, ಹಾಕಿದ ಹಾಗೇ ಇದ್ದವು. ಕೆಳಗಿಳಿದು ಬಂದು ಬಾಗಿಲ ಹಿಂದಿನ ಮಂಕರಿ ನೋಡಿದೆ. ಅದರಲ್ಲಿ ನಲವತ್ತು ಕಾಯಿ ಇದ್ದವು. ನಲವತ್ತೇ. ಒಂದೊಂದರ ಮೈಮೇಲೂ ಇದ್ದಿಲಿನ ಗೀಟು, ಸೊನ್ನೆ, ಕತ್ತರಿ ಗುರುತು, ಇಡೀ ಸಿಪ್ಪೆಯೇ ಕಾಣದಷ್ಟು.

ನೀರಿಗೆ ಗೀಟು, ಮೂಕಿಗೆ ಸೊನ್ನೆ, ಕೊಬ್ಬರಿಗೆ ಕತ್ತರಿ. ಒಂದು ಕಾಯಿ ಎತ್ತಿ ಓದಿದೆ. ಗೀಟು, ಗೀಟು, ಸೊನ್ನೆ, ಕತ್ತರಿ, ಮತ್ತೆ ಗೀಟು! ವರ್ಷವಿಡೀ ಆರಬೇಕಾದ ಕಾಯನ್ನು ನಾನು ನಾಲ್ಕು ದಿನದಲ್ಲಿ ಕೊಬ್ಬರಿ ಮಾಡಿ, ಐದನೇ ದಿನ ಅದಕ್ಕೆ ವಾಪಸ್ ನೀರು ತುಂಬಿಸಿದ್ದೆ. ಮೂಸಿ ನೋಡಿ ಕೆಟ್ಟಿದೆ ಎಂದಿದ್ದ ಕಾಯಿಯ ಮೇಲೆ ಆಮೇಲೆ ಮೂರು ಸಲ ಒಳ್ಳೆಯ ಕೊಬ್ಬರಿ ಎಂಬ ಗುರುತಿತ್ತು. ಉಸಿರು ಬಿಗಿಹಿಡಿದು, ಟ್ರ್ಯಾಕ್ಟರು ಹೋಗಲಿ ಎಂದು ಕಾದು ಕೊಟ್ಟ ತೀರ್ಪುಗಳು ಇವೆಲ್ಲ.

ನನಗೆ ಉರಿದುಹೋಯಿತು. ಹೆಂಡತಿಯನ್ನು ಕರೆದೆ. ಅವಳು ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೇ ಹೇಳಿದಳು. ಆ ನಲವತ್ತು ಕಾಯಿ ಇಳಿಸಿಕೊಟ್ಟದ್ದು ಅವಳೇ, ಒಂದೇ ಸಲ. ಆಮೇಲೆ ಅಕ್ಕ ಪ್ರತಿ ಸಲ ಏಣಿಯ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟು ಕಿರ್ ಅನ್ನಿಸಿ ಇಳಿಯುತ್ತಿದ್ದಳು, ಬಾಗಿಲ ಹಿಂದಿನಿಂದ ಅದೇ ಮಂಕರಿಯನ್ನು ಎಳೆದುಕೊಂಡು ಬರುತ್ತಿದ್ದಳು.

ಅಕ್ಕ ಹಿತ್ತಿಲ ಬಾಗಿಲ ಹತ್ತಿರ ಕಾಲು ಚಾಚಿ ಕುಳಿತಿದ್ದಳು. ಕಾಯಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಎದುರಿಗೆ ನಿಂತೆ.

"ಮೂವತ್ತೆರಡು ವರ್ಷ ಬಸ್ ಬಿಟ್ಟವನು ಕಣೆ ನಾನು. ನನ್ನನ್ನ ನಲವತ್ತು ಕಾಯಲ್ಲಿ ಆಡಿಸಿಬಿಟ್ಟೆಯಲ್ಲ!"

"ಹತ್ತು ದಿನ ಹೋದ್ವೋ ಇಲ್ವೋ?"

"ಹೋದವು."

"ಬ್ಯಾಗ ಹೋದ್ವಾ?"

"ಬೇಗ ಹೋದವು. ಅದಕ್ಕೇನೀಗ?"

"ನಂಗೆ ಹೋಗ್ಲಿಲ್ಲ ಕಣೋ" ಅಂದಳು ಅಕ್ಕ.

ಜಗಳಕ್ಕೆ ಬಂದವನು ನಾನು, ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದೆ. ಆಗ ಮೂಗಿಗೆ ಆ ವಾಸನೆ ರಪ್ಪನೆ ಹೊಡೆಯಿತು. ಈಗ ನನಗೆ ಕಣ್ಣೂ ಇತ್ತು. ಅಕ್ಕ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿಕೊಂಡು ಕುಳಿತಿದ್ದಳು. ಎರಡೂ ಮೊಣಕಾಲು ಬಾತು ಗಡಿಗೆಯಷ್ಟಾಗಿದ್ದವು, ಅವುಗಳ ಸುತ್ತ ಎಣ್ಣೆಯಲ್ಲಿ ತೊಯ್ದ ಬಟ್ಟೆ. ಅಷ್ಟೂ ದಿನ ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಹೊತ್ತು ನೋಡಿಕೊಂಡದ್ದು ಆ ಮೊಣಕಾಲುಗಳಲ್ಲಿ. ಏಣಿಯ ಒಂದು ಮೆಟ್ಟಿಲು ಎಂದು ಹೆಂಡತಿ ನಗುತ್ತಾ ಹೇಳಿದ್ದಳಲ್ಲ, ಆ ಒಂದು ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿದಳೋ.

"ನೀನು ಕಾಯಿ ಕೇಳ್ತಿದ್ದೆ. ನಾನೇನು ಕೇಳಾಕೆ ಹೋಗ್ಲಿ? ಅದೇ ಕಾಯಿ ಅಂತ ನಂಗೆ ಗೊತ್ತಲ್ಲ" ಅಂದಳು ಅಕ್ಕ, ಬಟ್ಟೆ ಬಿಗಿ ಮಾಡಿಕೊಳ್ಳುತ್ತಾ. "ನಿನ್ನ ಹೆಡಕ ನೋಡ್ಕಂಡು ಕುಂತಿದ್ದೆ. ಅದು ಚೂರು ಅಲ್ಲಾಡಿದ್ರೆ ನನ್ನ ಎದೆ ಧಸಕ್ ಅಂತಿತ್ತು. ಒಂದೊಂದು ಐವತ್ತು ನಿಮಿಷ ಒಂದೊಂದು ವರ್ಷ ಆತು ನಂಗೆ. ಒಂದು ಕಣ್ಣು ನಾನು ತೆಗ್ದೆ. ಇನ್ನೊಂದನ್ನ ಕಾಯ್ಬೇಕಲ್ಲ."

ನಾನು ಅವಳ ಪಕ್ಕ ಕುಳಿತೆ. ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದೇನಿದೆ. ಅರವತ್ತು ವರ್ಷ ನನಗೆ ತಮಾಷೆಯಾಗಿದ್ದ ಮಾತನ್ನು ಅವಳು ಅರವತ್ತು ವರ್ಷವೂ ಎಣಿಸಿಕೊಂಡೇ ಬಂದಿದ್ದಳು. ಕೈಯಲ್ಲಿದ್ದ ಕಾಯನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ನೀರು" ಅಂದಳು ಅಕ್ಕ. "ಮೊದಲ ದಿನದಿಂದ್ಲೂ ನೀರೇ."

ಒಂದು ವಾರ ಬಿಟ್ಟು ಅವಳು ಊರಿಗೆ ಹೊರಟಳು. ಹಿರಿಯೂರಿಗೆ ಹೋಗಿ ಅಲ್ಲಿಂದ ಹರಿಯಬ್ಬೆಯ ಬಸ್ಸು ಹಿಡಿಯಬೇಕು. ನಿಲ್ದಾಣಕ್ಕೆ ನಾನೇ ಕರೆದುಕೊಂಡು ಹೋದೆ. ಈಗಿನ ಏಜೆಂಟು ನನ್ನ ನಂತರ ಬಂದವನು, ನನ್ನ ಕೈಯಲ್ಲೇ ಪಳಗಿದವನು. ಅಕ್ಕ ಬಾಗಿಲ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಒಂದು ಕಾಲು ಇಟ್ಟಿದ್ದಳು ಅಷ್ಟೇ, ಅವನು ಸೀಟಿಯನ್ನು ಬಾಯಿಗೆ ಇಟ್ಟುಕೊಂಡ. ನಾನು ಹೋಗಿ ಬಸ್ಸಿನ ಮುಂದೆ ನಿಂತೆ.

"ಏನಣ್ಣ, ಟೈಮ್ ಆತು."

"ಎರಡು ನಿಮಿಷ ಕೊಡೋ."

ಅವನ ಬಾಯಿಂದ ಸೀಟಿ ಕೆಳಗೆ ಬಿತ್ತು. ಹಿಂದಿನ ಬಸ್ಸಿನ ಡ್ರೈವರು ಹಾರನ್ ಒತ್ತಿ ತಲೆ ಹೊರಗೆ ಹಾಕಿ, "ಯಜಮಾನ್ರೇ, ನೀವೇ ಹಿಂಗಂದ್ರೆ ಹೆಂಗ್ರೀ!" ಎಂದು ಕೂಗಿದ. ಟೀ ಅಂಗಡಿಯವರೆಲ್ಲ ನೋಡಲು ಎದ್ದು ನಿಂತರು. ಅಕ್ಕ ಎರಡನೇ ಕಾಲನ್ನು ಎತ್ತಿದಳು. ಅದು ಮೆಟ್ಟಿಲನ್ನು ಮುಟ್ಟುವವರೆಗೆ ನಾನು ಉಸಿರಾಡಲಿಲ್ಲ. ಇನ್ನೂ ಎರಡು ಮೆಟ್ಟಿಲಿದ್ದವು. ಒಂದೊಂದಕ್ಕೂ ಅವಳು ನಿಂತಳು, ಕಂಬಿ ಬದಲಿಸಿದಳು, ತುಟಿ ಕಚ್ಚಿದಳು. ನನ್ನ ಎದೆ ಧಸಕ್ ಅನ್ನುತ್ತಲೇ ಇತ್ತು. ಕೊನೆಗೆ ಹೋಗಿ ಸೀಟಿನಲ್ಲಿ ಕುಳಿತದ್ದು ಕಂಡಿತು. ಅರ್ಧ ಗಂಟೆಯಾದರೂ ಬಸ್ ನಿಲ್ಲಿಸಿದ್ದೇನೆ, ಇನ್ನು ನನ್ನ ಮರ್ಯಾದೆ ಉಳಿಯುವುದಿಲ್ಲ ಎಂದುಕೊಂಡು ಏಜೆಂಟನ ಕಡೆ ತಿರುಗಿದೆ.

"ಎಷ್ಟಾಯ್ತೋ?"

ಅವನು ವಾಚು ನೋಡಿದ. "ಎರಡು ನಿಮಿಷಕ್ಕೆ ಇನ್ನೂ ಹತ್ತು ಸೆಕೆಂಡ್ ಐತಣ್ಣ."

ಅಕ್ಕ ಕಿಟಕಿಯಿಂದ ಮುಖ ಹೊರಗೆ ಹಾಕಿದಳು. "ಲೇ, ಈ ಸಲ ನಾನು ಬಂದ ದಿನ ಬಿಟ್ರೆ ಆಮೇಲೆ ಒಂದ್ಸಲನೂ ಕಣ್ಣು ತೆಗ್ದೋಳು ಅನ್ಲಿಲ್ಲವಲ್ಲೋ. ಮೈಗೆ ಹುಷಾರೈತೆ ತಾನೆ?"

"ಮರೆತಿದ್ದೆ ಕಣಕ್ಕ" ಅಂದೆ.

ನೆಲಕ್ಕೆ ಬಿದ್ದಿದ್ದ ಸೀಟಿಯನ್ನು ಒರೆಸಿ, ನಾನೇ ಊದಿ ಬಸ್ ಬಿಟ್ಟೆ.